ಕೆಂಪು ಗೀಟಿನ ಕೆಳಗೆ ಮಲ್ಕಮ್ಮ

ನಮ್ಮತ್ತೆ ಮಲ್ಕಮ್ಮನ ಚಿತ್ರದ ಮೇಲೆ ಕೆಂಪು ಗೀಟು ಎಳೆದವನು ಶಾಂತಲಿಂಗಪ್ಪ ಮಾಸ್ತರ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಬೈಯದೆ ಇರುವುದು ನನ್ನಿಂದ ಆಗದ ಮಾತು.

ಅತ್ತೆ ಖಜೂರಿಯವಳು. ನಿಂಬರ್ಗಾದ ಹತ್ತಿರದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದು, ಗಂಡ ತೀರಿದ ಮೇಲೂ ತವರಿಗೆ ಹೋಗದೆ, ಮಂದಿಯ ತೊಗರಿ ಹೊಲದಲ್ಲಿ ಕಳೆ ತೆಗೆದು ಒಬ್ಬನೇ ಮಗನನ್ನು ಸಾಕಿದಳು. ನಾನು ಆ ಮಗನ ಹೆಂಡತಿ. ಅತ್ತೆಯ ಬಾಯಿ ಜೋರು. ಕೂಲಿಯವರಿಗೆ ಕುಡಿಯಲು ನೀರು ತಡವಾದರೆ ಹೊಲದ ಗೌಡನನ್ನೇ ಹೆಸರು ಹಿಡಿದು ಕೂಗುತ್ತಿದ್ದಳು. ಅಂಥವಳನ್ನು ಒಂದು ಕೊಡ ನೀರಿಗೆ ಮಂದಿಯ ಮುಂದೆ ಕೈಯೊಡ್ಡಿ ನಿಲ್ಲಿಸಿದರು.

ಎಂಬತ್ತರ ಆಚೀಚೆಯ ಮಾತು. ನಮ್ಮ ಕಡೆ ನಾರುಹುಣ್ಣಿನ ಕಾಟ. ಕೆಟ್ಟ ನೀರು ಕುಡಿದವರ ಕಾಲಿನಲ್ಲಿ ವರ್ಷ ಕಳೆದ ಮೇಲೆ ಬೊಕ್ಕೆ ಎದ್ದು, ದಾರದಂಥ ಹುಳ ಹೊರಬೀಳುತ್ತಿತ್ತು. ಆ ಉರಿಗೆ ಕಾಲನ್ನು ನೀರಲ್ಲಿಟ್ಟರೆ ತಂಪು. ಇಟ್ಟರೆ ಹುಳ ನೀರಿಗೆ ಮರಿ ಬಿಡುತ್ತದೆ. ನಮ್ಮದು ಮೆಟ್ಟಿಲ ಬಾವಿ, ಗಾಲಿಯಿಲ್ಲ, ಹಗ್ಗವಿಲ್ಲ. ಎಲ್ಲರೂ ಇಳಿದು ಮೊಣಕಾಲುದ್ದ ನೀರಲ್ಲಿ ನಿಂತೇ ಕೊಡ ತುಂಬುತ್ತಿದ್ದರು. ಕಾಲಿಗೆ ಚಿಂದಿ ಸುತ್ತಿಕೊಂಡವರು ಮನೆಗೊಬ್ಬರಿದ್ದರು. ಗೌಡರ ಮನೆಯನ್ನೂ ಹುಳ ಬಿಟ್ಟಿರಲಿಲ್ಲ, ನಮ್ಮತ್ತೆಯ ಕಾಲನ್ನೂ ಬಿಡಲಿಲ್ಲ.

ಒಂದು ಪ್ರಚಾರ ಸಂಸ್ಥೆಯ ಜೀಪಿನಲ್ಲಿ ಶಾಂತಲಿಂಗಪ್ಪ ಮಾಸ್ತರ ಬಂದ. ಹಣಮಂತನ ಗುಡಿಯ ಗೋಡೆಗೆ ಬಿಳಿ ಧೋತರ ಕಟ್ಟಿ ಸ್ಲೈಡು ತೋರಿಸಿದ. ಬರೀ ಅಕ್ಷರ. ಓದಲು ಬಾರದ ಮಂದಿ ಸ್ವಲ್ಪ ಹೊತ್ತು ನೋಡಿ, ಆಕಳಿಸಿ, ಚಾಪೆ ಸುತ್ತಿಕೊಂಡು ಎದ್ದು ಹೋದರು. ಅಕ್ಷರದ ಜೊತೆ ಚಿತ್ರ ಹಾಕಬೇಕು ಅಂತ ಮಾಸ್ತರನಿಗೆ ಆಗ ಹೊಳೆಯಿತು. ಹೊಳೆದದ್ದೇನೋ ಸರಿ. ಯಾರ ಚಿತ್ರ?

ಮರುದಿನ ಕ್ಯಾಮೆರಾ ಹಿಡಿದು ನಮ್ಮ ಮನೆಗೆ ಬಂದ. “ಅವ್ವಾರ, ಬಾಂವಿ ನೀರಾಗ ಕಾಲಿಟ್ಟು ನಿಂದರ್ರಿ. ಫೋಟೊ ಡಾಕ್ಟರಿಗೆ ತೋರಿಸಿ ನಿಮಗ ಔಷಧ ತರ್ತೇನಿ,” ಅಂದ. ಅತ್ತೆ ನಂಬಿದಳು. ತಲೆ ಬಾಚಿಕೊಂಡು, ಇದ್ದುದರಲ್ಲಿ ಚಲೋ ಹಸಿರು ಸೀರೆ ಉಟ್ಟು ಹೋಗಿ ನಿಂತಳು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮುಂದಿನ ತಿಂಗಳು ಜೀಪು ಬಂತು, ಔಷಧ ಬರಲಿಲ್ಲ. ಗುಡಿಯ ಗೋಡೆ ತುಂಬ ಅತ್ತೆ ನಿಂತಿದ್ದಳು. ಗಾಜಿನ ಮೇಲೆ ಬಣ್ಣ ಹಚ್ಚಿ ಸೀರೆಯನ್ನು ಇನ್ನಷ್ಟು ಹಸಿರು ಮಾಡಿದ್ದ, ನೀರಿನಲ್ಲಿ ಕಪ್ಪು ಹುಳ ಬಿಡಿಸಿದ್ದ, ತಲೆಯಿಂದ ಕಾಲಿನವರೆಗೆ ಎರಡು ಕೆಂಪು ಗೀಟು ಅಡ್ಡಡ್ಡ ಎಳೆದಿದ್ದ. ಹೀಗೆ ಮಾಡಬೇಡಿ ಎಂಬುದು ಅವನ ಅರ್ಥ. ನಮ್ಮೂರಿಗೆ ಆ ಗುರುತು ಹಳೆಯದು. ಹಿಂದೆ ಪ್ಲೇಗು, ಕಾಲರಾ ಬಂದಾಗ ಬೇನೆಯವರ ಬಾಗಿಲಿಗೆ ಇಂಥದೇ ಗೀಟು ಹಾಕುತ್ತಿದ್ದರಂತೆ. ಆ ಮನೆಗೆ ನೀರು, ಬೆಂಕಿ ಬಂದ್. ಅದನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಬದುಕಿದ್ದರು.

ಬೆಳಗಾದರೆ ಪಕ್ಕದ ಮನೆಯ ಸಾಬಮ್ಮ ಬಾವಿಯಲ್ಲಿ ಅತ್ತೆಯ ಕೊಡ ಹಿಡಿದಳು.

“ನೀ ಇಳಿಬ್ಯಾಡ ಬೇ ಮಲ್ಕವ್ವ. ನಿನಗ ಕೆಂಪು ಗೀಟ ಹಾಕ್ಯಾರ.”

“ನಿನ್ನ ಕಾಲಾಗ ಜೋತಾಡಾಕತ್ತದಲ್ಲ, ಅದೇನು ಬಂಗಾರದ ಸರ ಏನು?” ಅತ್ತೆ ಕೂಗಿದಳು.

ಕೂಗಿ ಏನು ಬಂತು? ಅಂದಿನಿಂದ ನಮ್ಮ ಮನೆಯ ಕೊಡ ಬಾವಿಗಿಳಿಯಲಿಲ್ಲ. ನಾವು ದಂಡೆಯಲ್ಲಿ ಕೊಡ ಇಟ್ಟು ದೂರ ನಿಲ್ಲಬೇಕು. ಸಾಬಮ್ಮನಿಗೆ ಮನಸ್ಸು ಬಂದರೆ, ಕೊಡಕ್ಕೆ ಕೊಡ ತಾಗದಂತೆ, ಮೇಲಿನಿಂದ ಸುರಿಯುವಳು. ಅರ್ಧ ನೆಲದ ಪಾಲು. ಅತ್ತೆಯ ಹುಣ್ಣು ಮಾಯ್ದರೂ ಬಾವಿ ತೆರೆಯಲಿಲ್ಲ. ಇತ್ತ ಊರಿನವರು ಚಿಂದಿ ಸುತ್ತಿದ ಕಾಲನ್ನೇ ನೀರಲ್ಲಿಟ್ಟು ನಿಲ್ಲುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಜಾಣರು! ಮರುವರ್ಷ ಹುಳ ಇನ್ನಷ್ಟು ಮನೆ ಹೊಕ್ಕಿತು.

ಆ ಹೊತ್ತಿಗೆ ಮಾದನಹಿಪ್ಪರಗಾಕ್ಕೆ ಜೀಪು ಬಂದಿದೆ ಎಂಬ ಸುದ್ದಿ ತಿಳಿಯಿತು. ಅತ್ತೆ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಅಲ್ಲಿ ಪರದೆಯ ಮೇಲೆ ಅವಳ ಚಿತ್ರ ಬಿದ್ದ ಕೂಡಲೇ ಎದ್ದು ಹೋಗಿ ಬೆಳಕಿಗೆ ಅಡ್ಡ ನಿಂತಳು.

“ಲೇ ಮಾಸ್ತರ, ನನ್ನ ಮಕ ತಗಿ.”

“ಚಿತ್ರ ತಗದ್ರ ಮಂದಿ ಎದ್ದು ಹೋಗ್ತಾರ್ರಿ ಅವ್ವಾರ.”

“ಹಂಗಾರ ನಿಮ್ಮವ್ವನ ಮಕ ಹಾಕು! ಆಕಿ ಮ್ಯಾಲೆ ಗೀಟ ಎಳಿ. ಆಕಿಗೆ ಯಾರು ನೀರು ಕೊಡ್ತಾರ ನೋಡೂಣು.”

ಮಾಸ್ತರ ಸ್ಲೈಡು ಹೊರತೆಗೆದು, ಬ್ಲೇಡಿನಿಂದ ಕೆರೆಯತೊಡಗಿದ. ಗೀಟಿನ ಜೊತೆ ಮುಖವೂ ಹೋಯಿತು, ಹಸಿರು ಸೀರೆಯೂ ಹೋಯಿತು. ಮೊಣಕಾಲಿಗೆ ಬಂದಾಗ ಅತ್ತೆ ಅವನ ಕೈ ಹಿಡಿದಳು.

“ಕಾಲು ಇರಲಿ. ಗೀಟ ಅದಕ್ಕ ಹಾಕು. ನೀರು ಕೆಡಿಸಿದ್ದು ಅದು, ನಾನಲ್ಲ. ಇದನ್ನ ನಮ್ಮೂರಾಗ ತೋರಿಸೂತನ ನಾ ನಿನ್ನ ಜೀಪ್ ಬಿಡಾಂಗಿಲ್ಲ.”

ಬಿಡಲೂ ಇಲ್ಲ. ಮರುದಿನ ಜೀಪಿನಲ್ಲೇ ಕೂತು ಊರಿಗೆ ಬಂದಳು. ಸಂಜೆ ಗುಡಿಯ ಗೋಡೆಯ ಮೇಲೆ ನೀರಲ್ಲಿಟ್ಟ ಒಂದು ಕಾಲು ಕಾಣಿಸಿತು, ಅದರ ಮೇಲೆ ಕೆಂಪು ಗೀಟು. ಮುಖವಿಲ್ಲ, ಸೀರೆಯಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಕೂತವರೆಲ್ಲ ತಮ್ಮ ತಮ್ಮ ಕಾಲನ್ನು ಬಟ್ಟೆಯೊಳಗೆ ಎಳೆದುಕೊಂಡರು.

“ಯಾರ ಕಾಲು ಬೇ ಅದು?” ಸಾಬಮ್ಮ ಕೇಳಿದಳು.

“ನಿಂದು,” ಅಂದಳು ಅತ್ತೆ.

ಬೆಳಿಗ್ಗೆ ಅತ್ತೆ ಕೊಡದ ಕೊರಳಿಗೆ ಹಗ್ಗ ಕಟ್ಟಿಕೊಂಡು ಬಾವಿಗೆ ಹೋದಳು. ಯಾರೂ ತಡೆಯಲಿಲ್ಲ. ನೀರಿಗೆ ಕಾಲಿಡದೆ ಮೇಲಿನ ಮೆಟ್ಟಿಲಿನಿಂದಲೇ ಸೇದಿದಳು. ಸಾಬಮ್ಮ ಚಿಂದಿ ಸುತ್ತಿದ ಕಾಲಲ್ಲಿ ಕುಂಟುತ್ತ ಬಂದು ಮೆಟ್ಟಿಲು ಇಳಿಯಲು ನೋಡಿದಳು.

“ಕೊಡ ಇಟ್ಟು ದೂರ ನಿಂದರು,” ಅಂದಳು ಅತ್ತೆ. ಸಾಬಮ್ಮ ಇಟ್ಟು ನಿಂತಳು. ಅತ್ತೆ ಕೊಡಕ್ಕೆ ಕೊಡ ತಾಗದಂತೆ ಮೇಲಿನಿಂದ ಸುರಿದಳು.