ಖಾಲಾ ಬರೆದ ತೋಳ

ಕಳೆದ ವಾರ ಅಜ್ಜಂಪುರದಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಗ್ರಂಧಿಗೆ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರು ಯಾರಿಗೋ ಜಾಲಿ ಗೋಂದು ತೂಗುತ್ತಿದ್ದರು. ಮಳೆ ಹನಿಗೆ ಒಂದೆರಡು ಉಂಡೆ ನೆನೆದಿದ್ದವೋ ಏನೋ, ಹುಳಿಹುಳಿಯಾದ ಅಂಟಿನ ವಾಸನೆ ಮೂಗಿಗೆ ಬಂತು. ತರೀಕೆರೆಯಲ್ಲಿ ನಮ್ಮ ಪಕ್ಕದ ಮನೆಯೊಳಗೆ ಸದಾ ಇರುತ್ತಿದ್ದ ವಾಸನೆ ಅದು. ಗೋಂದು, ದೀಪದ ಮಸಿ... ಎರಡನ್ನೂ ಅರೆದು ಶಾಯಿ ಮಾಡುತ್ತಿದ್ದವರು ನಮ್ಮ ಖಾಲಾ.

ಖಾಲಾ ಅಂದರೆ ಚಿಕ್ಕಮ್ಮ. ನನಗೆ ಅವರು ರಕ್ತಸಂಬಂಧಿಯಲ್ಲ, ಆದರೆ ನಮ್ಮ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಅವರ ತಂದೆ ಉರ್ದುವಿನಲ್ಲಿ ಮದುವೆ ಕಾಗದ ಬರೆಯುವ ಕಸುಬಿನವರು. ಗಂಡುಮಕ್ಕಳು ಬೇಡವೆಂದ ವಿದ್ಯೆ ಮಗಳ ಕೈಗೆ ಬಂದಿತ್ತು. ಜೊಂಡಿನ ಲೇಖನಿಯ ಮೂತಿಯನ್ನು ಓರೆಯಾಗಿ ಕೊಯ್ದು ಅವರು ಕಾಗದದ ಮೇಲೆ ಎಳೆಯುತ್ತಿದ್ದರೆ ನೋಡುವವರು ಉಸಿರು ಬಿಗಿಹಿಡಿಯುತ್ತಿದ್ದರು. ಕಡೂರಿನಿಂದ, ಅಜ್ಜಂಪುರದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ತಮ್ಮ ಕೆಲಸದ ವಿಷಯದಲ್ಲಿ ಖಾಲಾಗೆ ಸಂಕೋಚ ಅನ್ನುವುದೇ ಇರಲಿಲ್ಲ. ಬೇಗ ಆಗಬೇಕು ಎಂದ ಬೀಗರಿಗೆ ಪ್ರಿಂಟಿಂಗ್ ಪ್ರೆಸ್ಸಿನ ದಾರಿ ತೋರಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಕನ್ನಡ ಶಾಲೆಯಲ್ಲಿ ಓದಿದವರು, ಕನ್ನಡ ಬರೆದರೂ ಅಷ್ಟೇ ಗತ್ತು.

ಅಂಥವರಿಗೆ ಒಂದು ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನವಾಗಿ ಸುಧಾರಿಸಿತು, ಬಲಗೈ ಮಾತ್ರ ಬರಲಿಲ್ಲ. ಲೇಖನಿಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಗೋಡೆಯ ಮೇಲಿದ್ದ ತಂದೆಯ ಬರಹಗಳನ್ನು ಮಗನಿಂದ ಇಳಿಸಿ ಮಂಚದ ಕೆಳಗೆ ತಳ್ಳಿಸಿದರು. ಯಾರಾದರೂ ಅಕ್ಷರದ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು.

ನಾನಾಗ ಕಡೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ, ತರೀಕೆರೆಯಿಂದ ದಿನಾ ರೈಲಿನಲ್ಲಿ ಓಡಾಟ. ಬಿಡುವಿನಲ್ಲಿ ಒಂದು ಆಟ ಕಟ್ಟುತ್ತಿದ್ದೆ. ಚಿತ್ರಗಳೇ ಇಲ್ಲದ, ಬರೀ ಅಕ್ಷರಗಳಲ್ಲಿ ನಡೆಯುವ ಹಳೇ ಮಾದರಿಯ ಆಟ. ಪರದೆಯ ತುಂಬ ಪುಟ್ಟ ಚೌಕಗಳು, ಒಂದೊಂದರಲ್ಲಿ ಒಂದೊಂದು ಅಕ್ಷರ. ದನ ಮೇಯುವ ಎಮ್ಮೆದೊಡ್ಡಿಯ ಕಾವಲಿನಲ್ಲಿ ತಪ್ಪಿಸಿಕೊಂಡ ಹಸುವನ್ನು ಹೊತ್ತು ಮುಳುಗುವುದರೊಳಗೆ ಹುಡುಕಿ ತರಬೇಕು. ಹ ಎಂದರೆ ಹಸು, ಮ ಎಂದರೆ ಮರ, ತೋ ಎಂದರೆ ತೋಳ. ಇಂಥ ಆಟ ಕಟ್ಟುವವರು ಎಲ್ಲೆಲ್ಲಿಂದಲೋ ಇಂಟರ್‌ನೆಟ್ಟಿನಲ್ಲಿ ಸೇರಿ ಸ್ಪರ್ಧೆ ನಡೆಸುತ್ತಾರೆ. ಅಲ್ಲಿಗೆ ಕಳಿಸಿದೆ. ಅಷ್ಟು ಸಣ್ಣ ಚೌಕದಲ್ಲಿ ಹ, ಪ, ವ, ಮ ಎಲ್ಲ ಒಂದೇ ಥರ ಕಂಡು, ಆಡಿದವರಿಗೆ ಹಸು ಯಾವುದು ಮರ ಯಾವುದು ಗೊತ್ತಾಗಲಿಲ್ಲ. ಇಂಗ್ಲಿಷ್ ಅಕ್ಷರ ಹಾಕಿ, ಇಲ್ಲವೇ ಮುಂದಿನ ಸಲ ನೋಡೋಣ ಎಂದು ನಡೆಸುವವರು ಒಳ್ಳೆಯ ಮಾತಿನಲ್ಲೇ ಬರೆದರು. ಒಳ್ಳೆಯ ಮಾತಾದರೂ ಚುಚ್ಚಿತು. ಅಕ್ಷರ ತಿದ್ದಿ ಮತ್ತೆ ಕಳಿಸಲು ಸ್ವಲ್ಪ ಕಾಲಾವಕಾಶವಿತ್ತು.

ಒಂದು ಭಾನುವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಖಾಲಾ ಜೊತೆ ಕೂರಲು ಹೋದೆ. ಸಹಾಯ ಕೇಳಬೇಕೆಂದಲ್ಲ, ಅವರಿಗೆ ಹೊತ್ತು ಹೋಗಲಿ ಅಂತ. ಪರದೆ ನೋಡಿ ಅವರು ಇದೇನೇ ಇರುವೆ ಮುತ್ತಿದಂಗೈತೆ ಎಂದು ಗೊಣಗಿದರು. ಆಟವನ್ನು ವಿವರಿಸಿ ಒಂದು ಅಕ್ಷರವನ್ನು ದೊಡ್ಡದು ಮಾಡಿ ತೋರಿಸಿದೆ. ಕರಿ ಚೌಕ, ಬಿಳಿ ಚೌಕ ಸೇರಿ ಆದ ಹ. ಖಾಲಾ ಕನ್ನಡಕ ಸರಿಮಾಡಿಕೊಂಡು ಬಾಗಿದರು. ಎಡಗೈ ಬೆರಳಿನಿಂದ ಒಂದೊಂದೇ ಚೌಕ ಎಣಿಸಿದರು.

"ಇವು ನುಕ್ತಾ ಕಣೇ," ಎಂದರು.

ನುಕ್ತಾ ಎಂದರೆ ಚುಕ್ಕೆ. ಲೇಖನಿಯ ಮೂತಿಯನ್ನು ಒಮ್ಮೆ ಊರಿದರೆ ಮೂಡುವ ಚುಕ್ಕೆಯೇ ಅವರ ವಿದ್ಯೆಯಲ್ಲಿ ಅಳತೆಗೋಲು. ಯಾವ ಅಕ್ಷರ ಎಷ್ಟು ಚುಕ್ಕೆ ಎತ್ತರ, ಎಷ್ಟು ಚುಕ್ಕೆ ಅಗಲ ಎಂದು ಎಣಿಸಿಯೇ ತಂದೆ ಅವರಿಗೆ ಕಲಿಸಿದ್ದು. ಅಕ್ಷರಗಳನ್ನೇ ಹೆಣೆದು ಅವರ ತಂದೆ ಒಂದು ಸಿಂಹ ಬರೆದಿದ್ದರಂತೆ. ಅದೂ ಮಂಚದ ಕೆಳಗಿತ್ತು.

ಚುಕ್ಕೆ ಇಡಲು ಬಲಗೈ ಬೇಕಿರಲಿಲ್ಲ. ಖಾಲಾ ಎಡಗೈಗೆ ಮೌಸ್ ತೆಗೆದುಕೊಂಡರು. ಕೈ ತಪ್ಪಿದರೆ ಅಳಿಸಬಹುದು ಎಂದಾಗ ಮೊದಲು ನಂಬಲೇ ಇಲ್ಲ. ಆಮೇಲೆ ಅಳಿಸಿದ್ದೂ ಅಳಿಸಿದ್ದೇ, ಇಟ್ಟಿದ್ದೂ ಇಟ್ಟಿದ್ದೇ. ಅಂದಿನಿಂದ ನಾನು ರೈಲಿಳಿದು ಬರುವುದನ್ನೇ ಕಾಯುತ್ತಿದ್ದರು. ಹ ಅಕ್ಷರದ ತಲೆಕಟ್ಟನ್ನು ಹಿಂದಕ್ಕೆ ಎಳೆದು ಅಮೃತಮಹಲ್ ಹಸುವಿನ ಉದ್ದ ಕೋಡು ಮಾಡಿದರು. ಮ ಕೊಂಬೆ ಚಾಚಿತು.

ಜಗಳವಾದದ್ದು ತೋಳದ ವಿಷಯಕ್ಕೆ. ತೋ ಅನ್ನುವ ಅಕ್ಷರ ಒಂದು ಚೌಕದಲ್ಲಿ ಹಿಡಿಸುವುದಿಲ್ಲ. ದೀರ್ಘ ಬಿಟ್ಟು ಬರೀ ತೊ ಇಟ್ಟುಕೊಳ್ಳೋಣ ಎಂದೆ. ಖಾಲಾ ಮೌಸ್ ಕೆಳಗಿಟ್ಟರು.

"ಬಾಲ ಕತ್ತರಿಸಿದ್ರೆ ಅದು ನಾಯಿ ಆಯ್ತದೆ. ನಾಯಿ ಬೇಕಾದ್ರೆ ಬೇರೆಯವರ ಹತ್ರ ಬರೆಸ್ಕೊ."

ಒಂದೆರಡು ದಿನ ಮಾತಿಲ್ಲ. ಬೀರೂರಿನಲ್ಲಿ ರೈಲು ನಿಂತಿದ್ದಾಗ ನನಗೆ ಹೊಳೆಯಿತು. ದೀರ್ಘಕ್ಕೆ ಬೇರೆಯೇ ಚೌಕ ಕೊಟ್ಟರೆ? ತೋಳ ಮುಂದೆ ಹೋದರೆ ದೀರ್ಘ ಹಿಂದೆ ಬರುತ್ತದೆ. ಹೊಂಚು ಹಾಕಿ ಕೂತಾಗ ಅದು ಮಡಚಿಕೊಳ್ಳುತ್ತದೆ. ಹಾಗೆ ಮಾಡಿ ತೋರಿಸಿದೆ. ಪರದೆಯ ಮೇಲೆ ತೋ ಬಾಲ ಎಳೆದುಕೊಂಡು ಮರಗಳ ನಡುವೆ ಓಡಿತು. ಖಾಲಾ ನಗುತ್ತಾ ಕೂತರು. ಆ ನಗು... ಕಾಯಿಲೆಗೆ ಮುಂಚಿನದು.

ಲ್ಯಾಬಿನಲ್ಲಿ ಹುಡುಗಿಯರಿಗೆ ಏನೂ ಹೇಳದೆ ಆಟ ತೆರೆದು ಕೊಟ್ಟೆ. ಎಮ್ಮೆದೊಡ್ಡಿ ಕಡೆಯವಳೊಬ್ಬಳು ಹ ನೋಡಿದ ಕೂಡಲೇ, ಮಿಸ್ ಇದು ನಮ್ಮ ಕಾವಲಿನ ಹಸು ಎಂದಳು. ಸ್ಪರ್ಧೆಗೆ ಮತ್ತೆ ಕಳಿಸಿದಾಗ ಕನ್ನಡದ ಗಂಧವೇ ಇಲ್ಲದ ಆಟಗಾರರಿಗೂ ಅದು ಕೋಡಿನ ಪ್ರಾಣಿಯಾಗಿಯೇ ಕಂಡಿತು. ಫಲಿತಾಂಶ ಬಂದಾಗ ಆಟಕ್ಕೆ ಬಹುಮಾನವೇನೂ ಇರಲಿಲ್ಲ. ಅಕ್ಷರಗಳ ವಿನ್ಯಾಸಕ್ಕೆ ಮಾತ್ರ ಮೊದಲ ಸ್ಥಾನ, ಇಂಗ್ಲಿಷ್ ಹಾಕಿ ಎಂದಿದ್ದವರ ಮತವೂ ಸೇರಿ.

ಸುದ್ದಿ ಕೇಳಿದ ಖಾಲಾ ಮೊದಲು ಮಾಡಿದ ಕೆಲಸ, ಮಗನನ್ನು ಕರೆದು ಮಂಚದ ಕೆಳಗಿನದನ್ನೆಲ್ಲ ಒರೆಸಿ ಗೋಡೆಗೆ ಹಾಕಿಸಿದ್ದು. ಬೀದಿಗೆಲ್ಲ ಜಿಲೇಬಿ ಹಂಚಿಸಿದರು. ಆಮೇಲೆ ಲ್ಯಾಬ್ ನೋಡಲೇಬೇಕು ಎಂದು ಹಟ ಹಿಡಿದರು. ಮಗ ಬೇಡವೆಂದರೂ ಕೇಳದೆ, ಇಸ್ತ್ರಿ ಮಾಡಿಸಿದ ಬುರ್ಖಾ ತೊಟ್ಟು ನನ್ನ ಜೊತೆ ಕಡೂರಿಗೆ ಬಂದರು. ಹುಡುಗಿಯರು ಎಲ್ಲ ಕಂಪ್ಯೂಟರುಗಳಲ್ಲೂ ಆಟ ಹಾಕಿದ್ದರು. ಎಲ್ಲಿ ನೋಡಿದರೂ ಖಾಲಾ ಬರೆದ ಅಕ್ಷರ, ಮೇಯುತ್ತಾ, ಓಡುತ್ತಾ, ಹೊಂಚು ಹಾಕುತ್ತಾ. ಅವರು ಸಾಲುಗಳ ನಡುವೆ ನಿಧಾನವಾಗಿ ನಡೆದು ಒಂದೊಂದನ್ನೂ ನೋಡಿದರು. ಕೊನೆಗೆ ನನ್ನ ಭುಜ ಹಿಡಿದು ನಿಂತರು.

"ನಮ್ಮ ಅಬ್ಬಾ ಬರೆದ ಸಿಂಹ ಕೂತಲ್ಲೇ ಕೂತೈತೆ ಬೇಟಿ. ನಂದು ನಡೀತೈತೆ, ನೋಡು."

ಹುಡುಗಿಯರು ಚಪ್ಪಾಳೆ ತಟ್ಟಿದರು. ಖಾಲಾ ಅದನ್ನು ತಮಗೆ ಸಲ್ಲಬೇಕಾದದ್ದೇ ಎಂಬಂತೆ ತಲೆಯೆತ್ತಿಕೊಂಡು ಸ್ವೀಕರಿಸಿದರು.

ಹೋದ ವರ್ಷ ರಂಜಾನ್ ಕಳೆದ ಮೇಲೆ ಖಾಲಾ ತೀರಿಕೊಂಡರು. ಅವರ ಅಕ್ಷರಗಳನ್ನು ಈಗ ಬೇರೆಯವರೂ ತಮ್ಮ ಆಟಗಳಿಗೆ ಬಳಸುತ್ತಾರೆ. ನಾನು ಕಂಡರಿಯದ ಊರುಗಳಲ್ಲಿ ಆ ತೋಳ ಓಡಾಡುತ್ತಿದೆ. ಈಚೆಗೆ ಒಬ್ಬರು, ಇವರೇ ಬರೆದ ಅಂಕಿಗಳೂ ಇದ್ದರೆ ಕಳಿಸಿ ಎಂದು ಕೇಳಿದರು. ಇರಲಿಲ್ಲ. ನಾನೇ ಕೂತು ಚುಕ್ಕೆ ಎಣಿಸಿ ಒಂದರಿಂದ ಬರೆಯುತ್ತಾ ಬಂದೆ. ಎಂಟರವರೆಗೆ ಚೆನ್ನಾಗಿಯೇ ಬಂತು. ೯ರ ತಿರುವು ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಖಾಲಾರನ್ನು ಕೇಳಿಕೊಂಡು ಬರೋಣ ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಹೊಸ್ತಿಲು ದಾಟಿಬಿಟ್ಟಿದ್ದೆ.