ಮಾವನ ಎಲೆಯ ಉಪ್ಪು

ನನಗೊಂದು ಪತ್ತೇದಾರಿ ಕಾದಂಬರಿ ಬರೆಯುವ ಆಸೆ. ಅದರಲ್ಲಿ ಕೊಲೆ, ಪಿಸ್ತೂಲು ಯಾವುದೂ ಬೇಡ. ಒಂದು ಅಡುಗೆಮನೆ, ಯಾರನ್ನೂ ಹೆದರಿಸದ ಒಂದು ಪ್ರೇತ ಇದ್ದರೆ ಸಾಕು. ಕಥೆ ಸಿದ್ಧವಾಗಿಯೇ ಇದೆ, ಹತ್ತು ವರ್ಷದ ಹಿಂದೆ ನಮ್ಮ ಸಿದ್ಧಕಟ್ಟೆಯ ಮನೆಯಲ್ಲಿ ನಡೆದದ್ದು. ಕೊನೆಯ ಅಧ್ಯಾಯ ಮಾತ್ರ ಬರೆಯಲಾಗುತ್ತಿಲ್ಲ. ಅಪರಾಧಿ ಯಾರೆಂದು ಲೇಖಕನಿಗೇ ಗೊತ್ತಿಲ್ಲ.

ಜಡಿಮಳೆಯ ಆಟಿ ತಿಂಗಳಲ್ಲಿ, ಅಂದರೆ ಹೆಚ್ಚುಕಡಿಮೆ ಆಷಾಢದ ಹೊತ್ತಿಗೆ, ನಾವು ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತೇವೆ. ಕೋಳಿ ಸಾರು, ರೊಟ್ಟಿ ಎಲ್ಲ ಇಟ್ಟು, ಬಾಗಿಲು ಮುಚ್ಚಿ, ಹೊರಗೆ ಮೌನವಾಗಿ ಕೂರುವುದು. ಅವರು ಉಂಡರೆಂದು ತೋರಿದ ಮೇಲೆ ಬಾಗಿಲು ತೆರೆದು ಅದೇ ಎಲೆಗಳಲ್ಲಿ ನಮ್ಮ ಊಟ. ಅಲ್ಲಿಯವರೆಗೆ ಅಡುಗೆ ಮಾಡಿದವರೂ ರುಚಿ ನೋಡುವಂತಿಲ್ಲ. ಇಂಥ ಕಠಿಣ ಪರೀಕ್ಷೆಯನ್ನು ನಮ್ಮ ವಿಶ್ವವಿದ್ಯಾಲಯವೂ ಇಟ್ಟಿರಲಿಲ್ಲ.

ಅಣ್ಣನ ಹೆಂಡತಿ ಸುಮತಿ ಅತ್ತಿಗೆ ಮೂಡಬಿದಿರೆಯವರು. ಮದುವೆಯಾದ ಮೊದಲ ಆಟಿಯಲ್ಲಿ ವಾಡಿಕೆಯಂತೆ ತವರಿಗೆ ಹೋಗಿದ್ದರಿಂದ ಅವರ ಪರೀಕ್ಷೆ ಎರಡನೆಯ ಆಟಿಗೆ ಬಿತ್ತು. ಅಮ್ಮ ಮೊದಲೇ ಹೇಳಿಬಿಟ್ಟಿದ್ದರು: "ಹಿರಿಯರು ಒಪ್ಪಿದರೆ ಅಡುಗೆಮನೆ ನಿನಗೆ. ಇಲ್ಲದಿದ್ದರೆ ಒಲೆಯ ಹತ್ತಿರ ಬರುವುದು ಬೇಡ."

ಅಂದು ಬಾಗಿಲು ತೆರೆದಾಗ ಅಣ್ಣ ನಮ್ಮ ಸೋದರಮಾವನ ಎಲೆಗೆ ಕುಳಿತ. ಮಾವ ಬದುಕಿದ್ದಾಗ ಊಟ ಸರಿಯಾಗದಿದ್ದರೆ ಎಲೆಯನ್ನೇ ಅಂಗಳಕ್ಕೆ ಎಸೆಯುತ್ತಿದ್ದವರು. ಅಣ್ಣ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ.

"ಸುಮತೀ, ಸಾರಿಗೆ ಉಪ್ಪೇ ಹಾಕಲಿಲ್ವಾ?"

ಅತ್ತಿಗೆಯ ಮುಖ ಬಿಳುಚಿತು. ಅಣ್ಣ ಎಲೆಯ ತುದಿಗೆ ಕೈ ಚಾಚಿದ. "ಇಲ್ಲಿ ಬಡಿಸಿದ ಉಪ್ಪೂ ಇಲ್ಲ ಮಾರಾಯ್ತಿ!"

ಉಳಿದ ಎಲೆಗಳಲ್ಲಿ ಉಪ್ಪು ಇತ್ತು. ಅಮ್ಮ ಬಗ್ಗಿ ನೋಡಿ ಹೇಳಿದರು: "ನಿಮ್ಮ ಮಾವ ಉಪ್ಪು ಕಲಸಿಕೊಂಡು ಉಂಡಿದ್ದಾರೆ. ನಾನು ಮಾಡಿದ್ದಾದರೆ ಎಲೆ ಅಂಗಳದಲ್ಲಿ ಇರ್ತಿತ್ತು. ಅವರೇ ಸುಧಾರಿಸಿಕೊಂಡ ಮೇಲೆ ಕುಂದು ಹೇಳಲಿಕ್ಕೆ ನೀನು ಯಾರು? ಉಣ್ಣು!"

ಅತ್ತಿಗೆಗೆ ಒಲೆ ಸಿಕ್ಕಿತು. ನನಗೆ ತಲೆನೋವು.

ಬೆಕ್ಕೇ? ಕೋಳಿ ಬಿಟ್ಟು ಉಪ್ಪು ನೆಕ್ಕುವಷ್ಟು ವೈರಾಗ್ಯ ನಮ್ಮ ಬೆಕ್ಕಿಗಿರಲಿಲ್ಲ. ಆಟಿಯ ತೇವಕ್ಕೆ ಕರಗಿತೇ? ಪಕ್ಕದ ಎಲೆಯದು ಏಕೆ ಕರಗಲಿಲ್ಲ? ಉಪ್ಪು ಬಡಿಸಿದ ಅಮ್ಮನೇ ಆ ಎಲೆಯನ್ನು ಮರೆತರೇ? ಅಥವಾ ಸಾರಿನ ಪರಿಮಳದಲ್ಲೇ ಕೊರತೆ ಗೊತ್ತಾಗಿ, ಸೊಸೆಯನ್ನು ಉಳಿಸಲು ಬೇಕೆಂದೇ ತೆಗೆದರೇ? ಬಾಗಿಲು ಮುಚ್ಚಿದಾಗ ಅವರು ನಮ್ಮ ಜೊತೆ ಹೊರಗಿದ್ದರೆಂದು ನನ್ನ ನೆನಪು. ಆದರೆ ಈ ನೆನಪು ಜನರನ್ನು ತನಗೆ ಬೇಕಾದಲ್ಲಿ ಕೂರಿಸಿಬಿಡುತ್ತದೆ. ಕಾಲೇಜಿನಲ್ಲಿ ಕಲಿತ ತರ್ಕಶಾಸ್ತ್ರ, ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸು ಎನ್ನುತ್ತದೆ. ಕಾಣದ ಉಪ್ಪಿನಿಂದ ಯಾರನ್ನು ಊಹಿಸಬೇಕೆಂದು ಹೇಳುವುದಿಲ್ಲ.

ಮೊನ್ನೆ ಅಣ್ಣನನ್ನು ಕೇಳಿದರೆ, "ಆ ಎಲೆಗೆ ಕೂತದ್ದು ನೀನಲ್ವಾ ಮಾರಾಯ?" ಎಂದ. ಈಗ ನನಗೂ ಆ ಸಪ್ಪೆ ತುತ್ತು ನಾಲಗೆಯ ಮೇಲೆ ಬಂದಂತೆ ಅನ್ನಿಸುತ್ತಿದೆ.

ಅತ್ತಿಗೆ ನಕ್ಕರು. "ಅತ್ತೆ ಅಡುಗೆಮನೆ ಪೂರಾ ಬಿಟ್ಟುಕೊಟ್ಟಿದ್ದಾರೆ. ಆಟಿಯಲ್ಲಿ ನಿಮ್ಮ ಸೋದರಮಾವನ ಎಲೆಗೆ ಉಪ್ಪು ಬಡಿಸುವುದು ಮಾತ್ರ ಈಗಲೂ ಅವರೇ."

ಇದು ಸುಳಿವೋ, ಬರೀ ಭಕ್ತಿಯೋ? ಧೈರ್ಯ ಮಾಡಿ ಅಮ್ಮನನ್ನೇ ಕೇಳಿದೆ.

"ನನ್ನನ್ನು ಎಂತ ಕೇಳುವುದು? ಉಂಡವರನ್ನು ಕೇಳು," ಎಂದರು.

ಮುಂದಿನ ಆಟಿಯಲ್ಲಿ ಮುಚ್ಚಿದ ಬಾಗಿಲ ಬಳಿ ಕೂತು ಕೇಳಬಹುದು. ಆದರೆ ಉಪ್ಪು ತೆಗೆದವರು ಸಿಕ್ಕಿದ ಕ್ಷಣವೇ, ಸಾರಿಗೆ ಉಪ್ಪು ಹಾಕದವರೂ ಮತ್ತೆ ಸಿಕ್ಕಿಬೀಳುತ್ತಾರಲ್ಲ!