ನಿನ್ನೆ ಬಂದ ಅಳಿಯ

ನಮ್ಮ ಅತ್ತೆ ರುದ್ರಮ್ಮನವರ ಲೆಕ್ಕದಲ್ಲಿ ನಾನು ಮೂರು ವರ್ಷ ಕಾಲ ನಿನ್ನೆಯೇ ಬಂದಿದ್ದೆ. ತಿಪಟೂರಿನ ಅವರ ಮನೆಯ ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದ ನನ್ನನ್ನು ನೋಡಿ ಎದುರು ಮನೆಯ ಪುಟ್ಟಮ್ಮ, ‘ಅಳಿಯಂದ್ರು ಯಾವಾಗ ಬಂದ್ರಕ್ಕಾ?’ ಎಂದು ಕೇಳಿದರೆ ಒಳಗಿನಿಂದ ಉತ್ತರ ಬರುತ್ತಿತ್ತು: ‘ನಿನ್ನೆ ಬಂದ್ರು ಕಣಮ್ಮ. ನಾಳೆ ನಾಡಿದ್ದು ಹೊಂಟವ್ರೆ.’ ಪುಟ್ಟಮ್ಮ ತಲೆಯಾಡಿಸಿ ರಂಗೋಲಿ ಮುಂದುವರಿಸುತ್ತಿದ್ದರು. ಹಿಂದಿನ ವಾರವೂ ಅವರು ಇದನ್ನೇ ಕೇಳಿ ಇದೇ ಉತ್ತರ ಪಡೆದಿದ್ದರು.

ನಮ್ಮ ಕಡೆ ಮನೆಅಳಿಯನಾಗಲು ಒಂದು ವಯಸ್ಸಿದೆ. ತೋಟಕ್ಕೆ ಗಂಡು ದಿಕ್ಕಿಲ್ಲದವರು ಇಪ್ಪತ್ತೈದರ ಹುಡುಗನನ್ನು ತಂದಿಟ್ಟುಕೊಳ್ಳುತ್ತಾರೆ. ಊರು ಒಂದೆರಡು ವರ್ಷ ಆಡಿಕೊಂಡು ಮರೆಯುತ್ತದೆ. ನಾನು ಅರವತ್ತಕ್ಕೆ ಆದೆ. ಅತ್ತೆಗೆ ಮಗನಿಲ್ಲ ಎಂದೂ ಅಲ್ಲ, ನನಗೆ ತೋಟದ ಕೆಲಸ ಬರುತ್ತದೆ ಎಂದೂ ಅಲ್ಲ. ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದೆ. ನಿವೃತ್ತಿಯ ದಿನ ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟರು. ಪಿಂಚಣಿ ಎಂಬ ಮಾತು ಆ ಸಭೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅತ್ತೆ ಸರ್ಕಾರಿ ಶಾಲೆಯ ಹೆಡ್‌ಮಿಸ್ ಆಗಿದ್ದವರು. ಅವರು ಪಾಠ ಮಾಡಿದ ವರ್ಷಗಳಿಗೂ ಪಿಂಚಣಿ ತೆಗೆದುಕೊಂಡ ವರ್ಷಗಳಿಗೂ ಆಗಲೇ ಹೆಚ್ಚು ಅಂತರ ಉಳಿದಿರಲಿಲ್ಲ.

‘ಅತ್ತೆಗೆ ವಯಸ್ಸಾಯಿತು, ನೋಡಿಕೊಳ್ಳಲು ಹೋಗುತ್ತಿದ್ದೇವೆ’ ಎಂದು ನಾನೂ ನನ್ನ ಹೆಂಡತಿ ಶೈಲಳೂ ತುಮಕೂರಿನಲ್ಲಿ ಎಲ್ಲರಿಗೂ ಹೇಳಿದೆವು. ಸಾಮಾನನ್ನು ಲಾರಿಗೆ ಏರಿಸುವಾಗ ನಾನು ನಿಜವಾಗಿ ಅತ್ತೆಯನ್ನು ನೆನೆಯುತ್ತಿದ್ದೆನೋ, ಮುಂದಿನ ತಿಂಗಳಿಂದ ಕೊಡಬೇಕಿಲ್ಲದ ಬಾಡಿಗೆಯನ್ನೋ? ನೆನಪು ಅತ್ತೆಯನ್ನೇ ಎನ್ನುತ್ತದೆ. ಆದರೆ ನನ್ನ ನೆನಪು ನನ್ನ ಅನ್ನ ತಿಂದು ಬೆಳೆದದ್ದು. ಅದು ನನ್ನ ಪರವಾಗಿ ಹೇಳುವ ಸಾಕ್ಷಿಯನ್ನು ನಾನೇ ನಂಬುವುದಿಲ್ಲ.

ಅತ್ತೆ ಎಂಬತ್ತನಾಲ್ಕರಲ್ಲೂ ಎತ್ತರದ, ದಪ್ಪ ಮೂಳೆಯ ಹೆಂಗಸು. ಮೂರು ವರ್ಷದಲ್ಲಿ ಒಮ್ಮೆಯೂ ನನ್ನೆದುರು ಕುರ್ಚಿಯಲ್ಲಿ ಕೂತವರಲ್ಲ. ಅಡುಗೆಮನೆಯ ಬಾಗಿಲಿನ ಹಿಂದೆ ನಿಂತೇ ನನ್ನೊಡನೆ ಮಾತು. ನಾನು ಉಂಡು ಎದ್ದ ಮೇಲೆಯೇ ಅವರ ಊಟ. ಅಳಿಯನೆಂದರೆ ಹಾಗೆ. ಬಂದ ಹೊಸತರಲ್ಲಿ ನನಗೆ ಇದು ಹಿತವಾಗಿತ್ತು. ಎರಡು ತಿಂಗಳ ಮೇಲೆ, ನನ್ನಿಂದಾಗಿ ಒಬ್ಬ ಮುದುಕಿ ದಿನವೂ ಮಧ್ಯಾಹ್ನ ಎರಡರವರೆಗೆ ಹಸಿದಿರುತ್ತಾರೆಂದು ಹೊಳೆಯಿತು. ಹನ್ನೆರಡಕ್ಕೇ ಉಣ್ಣಲು ಕೂತೆ. ‘ಅಳಿಯಂದ್ರಿಗೆ ಹಸಿವು ಜಾಸ್ತಿ’ ಎಂದು ಅಂದಿನಿಂದ ಎರಡು ಮುದ್ದೆ ಇಟ್ಟರು.

ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿಗಳನ್ನು ಅವರೇ ಹತ್ತಿ ನೋಡುತ್ತಿದ್ದರು. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ನೀರು ಪೂರ್ತಿ ಇಂಗಿ, ಒಣಗಿದ ತಿರುಳಿನ ಗಿಟುಕು ಗಡಗಡ ಎಂದರೆ ಮಾತ್ರ ಕೆಳಕ್ಕೆ. ಮನುಷ್ಯರನ್ನೂ ಅವರು ಹೀಗೆಯೇ ಅಳೆಯುತ್ತಿದ್ದರು. ನಿವೃತ್ತ ತಹಸೀಲ್ದಾರರೊಬ್ಬರು ಮನೆಗೆ ಬಂದು ಒಂದು ಗಂಟೆ ತಮ್ಮ ಪ್ರತಾಪ ಹೇಳಿ ಹೋದ ಮೇಲೆ, ‘ಪಾಪ, ಇನ್ನೂ ನೀರೈತೆ’ ಎಂದಿದ್ದರು. ನನ್ನ ಬಗ್ಗೆಯೂ ಮಗಳ ಬಳಿ ಅದನ್ನೇ ಹೇಳಿದ್ದರಂತೆ. ಶೈಲ ನನಗೆ ಅದನ್ನು ಬಹಳ ಸಂತೋಷದಿಂದ ತಿಳಿಸಿದಳು.

‘ನಿನ್ನೆ ಬಂದ್ರು’ ಎಂಬ ಮಾತಿಗೆ ಆಧಾರ ಬೇಕಲ್ಲ? ಎರಡು ತಿಂಗಳಿಗೊಮ್ಮೆ ಅತ್ತೆ ನನ್ನನ್ನು ಬೀಳ್ಕೊಡುತ್ತಿದ್ದರು. ಅಳಿಯನನ್ನು ಬರಿಗೈಲಿ ಕಳಿಸುವಂತಿಲ್ಲ; ಚೀಲದಲ್ಲಿ ಆರು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು. ಪುಟ್ಟಮ್ಮನಿಗೆ ಕಾಣುವಂತೆ ಬಾಗಿಲವರೆಗೆ ಬಂದು ‘ಹೋಗಿ ಬನ್ನಿ’ ಎನ್ನುವರು. ನಾನು ತುರುವೇಕೆರೆ ಬಸ್ಸು ಹತ್ತಿ, ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಟೀ ಕುಡಿದು, ಬಾಳೆಹಣ್ಣು ತಿಂದು, ಸಂಜೆಯ ಬಸ್ಸಿಗೆ ಅದೇ ಆರು ಕಾಯಿಗಳೊಂದಿಗೆ ವಾಪಸ್ಸು. ಒಮ್ಮೆ ಕಂಡಕ್ಟರು ಕೇಳಿದ: ‘ಸಾರ್, ತಿಪಟೂರಿಂದ ಕಾಯಿ ತಂದು ತಿಪಟೂರಿಗೇ ಒಯ್ತೀರಲ್ಲ, ಏನ್ ವ್ಯಾಪಾರ ಇದು?’ ಮರ್ಯಾದೆಯ ವ್ಯಾಪಾರ ಎನ್ನಬೇಕೆಂದುಕೊಂಡೆ. ಹೇಳಿದೆನೆಂದು ಸ್ನೇಹಿತರ ಮುಂದೆ ಹೇಳಿಕೊಂಡಿದ್ದೇನೆ. ಅಂದು ನಿಜವಾಗಿ ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ನವೆಂಬರ್ ಬಂದರೆ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಬ್ಯಾಂಕಿನಲ್ಲಿ ತೋರಿಸಬೇಕು. ಅತ್ತೆ ಅಂದು ರೇಷ್ಮೆ ಸೀರೆ ಉಟ್ಟು ವಿಭೂತಿ ಧರಿಸಿ ಮದುವೆಗೆ ಹೋಗುವಂತೆ ಹೊರಡುವರು. ಸಾಲಿನಲ್ಲಿ ಎಂಬತ್ತರವರು ಮುಂದೆ, ಅವರ ರಟ್ಟೆ ಹಿಡಿದ ಅರವತ್ತರವರು ಹಿಂದೆ. ಬದುಕಿರುವುದನ್ನು ತೋರಿಸಬೇಕಾದವರು ಅವರು. ಅದರಿಂದ ಬದುಕಬೇಕಾದವರು ನಾವು. ಅವರ ಪಿಂಚಣಿಯಲ್ಲಿ ಮನೆಯ ಅಕ್ಕಿ ಬೇಳೆ, ನನ್ನ ಸಕ್ಕರೆ ಕಾಯಿಲೆಯ ಮಾತ್ರೆ, ಶೈಲಳ ಮೊಣಕಾಲಿನ ಮುಲಾಮು. ಮನೆಯಲ್ಲಿ ಕಾಯಿಲೆ ಇಲ್ಲದವರು ಅವರೊಬ್ಬರೇ. ಅವರ ದೀರ್ಘಾಯುಸ್ಸಿಗಾಗಿ ನಾನು ಮಾಡಿದಷ್ಟು ಶ್ರದ್ಧೆಯ ಪ್ರಾರ್ಥನೆಯನ್ನು ನನ್ನ ಹೆತ್ತ ತಾಯಿಗೂ ಮಾಡಿರಲಿಲ್ಲ.

ಅವರ ಮಗ ಶಿವಣ್ಣ ಚಿಕ್ಕನಾಯಕನಹಳ್ಳಿಯಲ್ಲಿ ಕೊಬ್ಬರಿ ವ್ಯಾಪಾರಿ. ತಿಂಗಳಿಗೊಮ್ಮೆ ಬಂದು ತಾಯಿಯನ್ನು ಕರೆಯುತ್ತಿದ್ದ. ಮಗನಿರುವಾಗ ಮಗಳ ಆಸರೆಯಲ್ಲಿ ತಾಯಿ ಇದ್ದಾಳೆಂದು ಅಲ್ಲಿ ಜನ ಆಡಿಕೊಳ್ಳುತ್ತಿದ್ದರು. ವ್ಯಾಪಾರ ಮಂಕಾಗಿತ್ತು, ಅವನಿಗೂ ಅರವತ್ತು ಹತ್ತಿರವಾಗಿತ್ತು, ಪಿಂಚಣಿ ಅವನಿಗೂ ಇರಲಿಲ್ಲ ಎಂಬುದನ್ನೂ ಸೇರಿಸಬೇಕು. ಅತ್ತೆ ಹೋದರೆ ಆ ಮನೆಯಲ್ಲಿ ನಾನು ಯಾರು? ಅವನು ಬಂದಾಗಲೆಲ್ಲ ನಾನು ಹಿತ್ತಲಲ್ಲಿ ಏನಾದರೂ ಕೆಲಸ ಹುಡುಕಿಕೊಂಡು, ಕಿವಿಯನ್ನು ಒಳಗೇ ಬಿಟ್ಟಿರುತ್ತಿದ್ದೆ. ಒಂದು ದಿನ ಅವನು ಹಟ ಹಿಡಿದಾಗ ಅತ್ತೆ ಮೆಲ್ಲಗೆ ಹೇಳಿದ್ದು ಕೇಳಿಸಿತು.

‘ಮನೇಲಿ ನೆಂಟ್ರು ಅವ್ರಲ್ಲೋ ಮಗಾ. ನೆಂಟ್ರನ್ನ ಬುಟ್ಟು ಹೆಂಗ್ ಬರ್ಲಿ? ಅವ್ರು ಹೊರಡ್ಲಿ, ಬತ್ತೀನಿ.’

ನಾನು ಕುಡುಗೋಲು ಹಿಡಿದು ನಿಂತೇ ಇದ್ದೆ. ಅವರು ಕಾಯುತ್ತಿದ್ದುದು ನನ್ನ ಮಾನವನ್ನೆಂದು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ. ತಾವು ನೆಟ್ಟ ತೆಂಗಿನ ನಡುವೆ, ತಮ್ಮ ಒಲೆಯ ಮುಂದೆ, ಯಾವ ಸೊಸೆಯನ್ನೂ ಕೇಳದೆ ಇರುವುದಕ್ಕೆ ಅವರಿಗೆ ಎಂದೂ ಹೊರಡದ ಒಬ್ಬ ನೆಂಟ ಬೇಕಾಗಿತ್ತು. ಆ ಕೆಲಸಕ್ಕೆ ನನಗಿಂತ ಯೋಗ್ಯ ಈ ಸೀಮೆಯಲ್ಲಿ ಯಾರಿದ್ದರು?

ಎಂಬತ್ತೇಳನೆಯ ವಯಸ್ಸಿನಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ. ಈ ವಯಸ್ಸಿಗೆ ಆಪರೇಷನ್ ಬೇಡ, ಮಲಗಿಯೇ ಇರಬೇಕು ಎಂದರು ಡಾಕ್ಟರು. ಅವರನ್ನು ಎತ್ತಿ ಕೂರಿಸಲು ಶೈಲಳ ಮೊಣಕಾಲು ಒಪ್ಪುತ್ತಿರಲಿಲ್ಲ. ಹೆಂಗಸೊಬ್ಬಳು ಸಿಗುವಳೇ ಎಂದು ಊರೆಲ್ಲ ಹುಡುಕಿದೆವು. ಮನೆಮನೆಯಲ್ಲೂ ಯಾರೋ ಒಬ್ಬರು ಮಲಗಿದ್ದರಿಂದ ಸಿಗಲಿಲ್ಲ. ಉಳಿದವನು ನಾನು. ಆದರೆ ಅಳಿಯ ಅತ್ತೆಯ ಮೈ ಮುಟ್ಟಿ ಎತ್ತುವುದುಂಟೇ? ಮೂರು ದಿನ ಅವರು ನನ್ನನ್ನು ಕೋಣೆಯ ಹೊಸ್ತಿಲು ದಾಟಗೊಡಲಿಲ್ಲ. ಪುಟ್ಟಮ್ಮನೂ ಶೈಲಳೂ ಸೇರಿ ಹೇಗೋ ಹೊರಳಿಸುತ್ತಿದ್ದರು, ಅತ್ತೆ ಸೆರಗು ಕಚ್ಚಿಕೊಂಡು ನೋವು ನುಂಗುತ್ತಿದ್ದರು.

ನಾಲ್ಕನೆಯ ದಿನ ಶಿವಣ್ಣ ಕಾರು ತಂದ. ಮಗ ಎತ್ತಬಹುದು, ಅದರಲ್ಲಿ ಸಂಕೋಚವಿಲ್ಲ. ಹಾಸಿಗೆಯ ಪಕ್ಕ ನಿಂತು, ಹೋಗೋಣ ನಡಿಯವ್ವ ಎಂದ. ನಾನು ಹೊಸ್ತಿಲಾಚೆ ನಿಂತು, ನಮ್ಮ ಸಾಮಾನಿಗೆ ಮತ್ತೆ ಲಾರಿ ಎಲ್ಲಿ ಸಿಗುತ್ತದೆಂದು ಯೋಚಿಸುತ್ತಿದ್ದೆ. ನಾಚಿಕೆಯ ಮಾತು, ಆದರೆ ಯೋಚಿಸಿದ್ದು ಅದನ್ನೇ.

ಅತ್ತೆ ಸೂರಿನಿಂದ ಕಣ್ಣು ತೆಗೆದು ಮಗನ ಕಡೆ ಹೊರಳಿಸಿದರು. ಆಮೇಲೆ ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದರು:

‘ಅಳಿಯಂದ್ರು ನೆಂಟ್ರಲ್ಲ ಕಣ್ಲಾ ಶಿವ. ಮೂರು ವರ್ಷದಿಂದ ಈ ಮನೇಲೇ ಉಣ್ತಾವ್ರೆ. ಈ ಮನೆಯೋರು. ಅವ್ರೇ ಎತ್ಲಿ.’

ಬಾಗಿಲಲ್ಲಿ ಪುಟ್ಟಮ್ಮ ಇದ್ದರು. ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ಆದರೂ ಬಾಯಿಬಿಟ್ಟು ಹೇಳಿದಾಗ ನನ್ನ ಕಿವಿ ಬಿಸಿಯಾಯಿತು. ಮೊದಲು ಬಂದದ್ದು ಅವಮಾನ. ನನಗೊಂದು ಮನೆ ಸಿಕ್ಕಿತೆಂದು ತಿಳಿಯಲು ಇನ್ನೊಂದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಅವರು ಎರಡೂ ತೋಳನ್ನು ನನ್ನ ಕಡೆ ಚಾಚಿದ್ದರು.

ವಯಸ್ಸಾದವರನ್ನು ಎತ್ತಿದಾಗ ಹೂವಿನಂತೆ ಹಗುರವಿದ್ದರು ಎಂದು ಬರೆಯುವುದು ರೂಢಿ. ನಮ್ಮತ್ತೆ ಹಗುರವಿರಲಿಲ್ಲ. ಅರ್ಧ ಎತ್ತುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ, ಅತ್ತೆಯನ್ನು ಅಪ್ಪಿಕೊಂಡು ಬಾಗಿ ನಿಂತುಬಿಟ್ಟೆ. ಶಿವಣ್ಣ ಓಡಿಬಂದು ಇಬ್ಬರನ್ನೂ ಹಿಡಿದ. ‘ಮೊಣಕಾಲು ಬಗ್ಸಿ ಅಳಿಯಂದ್ರೇ, ಸೊಂಟ ಅಲ್ಲ’ ಎಂದು ನನ್ನ ಕಿವಿಯ ಬಳಿ ಹೆಡ್‌ಮಿಸ್ ಹೇಳುತ್ತಿದ್ದರು. ಅವರು ನಗುತ್ತಿದ್ದರೆಂದು ನನ್ನ ನೆನಪು. ನೋವಿಗೆ ನರಳುತ್ತಿದ್ದರೆಂದು ಶೈಲ ಹೇಳುತ್ತಾಳೆ.

ಕಾರು ಖಾಲಿ ಹೋಯಿತು. ಅಲ್ಲಿಂದ ನಾಲ್ಕು ತಿಂಗಳು ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ನಾನು ಅವರನ್ನು ಎತ್ತಿ ಕೂರಿಸಿದೆ. ನನ್ನೊಡನೆ ಬಾಗಿಲಿನ ಹಿಂದಿನಿಂದ ಮಾತಾಡುವುದು ತಪ್ಪಿ, ಮುಖ ನೋಡಿ ಮಾತಾಡಿದರು. ನಾನು ಅಂದುಕೊಂಡದ್ದಕ್ಕಿಂತ ತಮಾಷೆಯ ಹೆಂಗಸು. ಅಕ್ಟೋಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಎತ್ತಲು ಹೋದಾಗ, ಇವತ್ತು ಬೇಡ, ಹಿಂಗೇ ಇರ್ಲಿ ಎಂದರು. ಹಾಗೆಯೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ.

ತಾಯಿಯ ಉತ್ತರಕ್ರಿಯೆ, ಶಿವಗಣಾರಾಧನೆ ಮುಗಿಸಿ ಹೊರಡುವಾಗ ಶಿವಣ್ಣ ನಾವು ಮನೆ ಬಿಡುವ ಮಾತೆತ್ತಲಿಲ್ಲ. ಸೂರಿನ ಕಡೆ ನೋಡಿ, ‘ಮಳೆಗೆ ಮುಂಚೆ ಹಂಚು ಕೈಯಾಡಿಸ್ಬೇಕು ಭಾವ, ಯಾರನ್ನಾದ್ರೂ ಕರ್ಸಿ’ ಎಂದು ಹೋದ. ಪಿಂಚಣಿ ನಿಂತಿದೆ. ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ಮಾತ್ರೆಗೆ ಸಾಕು, ಶೈಲಳ ಮುಲಾಮಿಗೆ ಸಾಲದು. ಬೆಳಿಗ್ಗೆ ಏಳಾದರೆ ನನ್ನ ಸೊಂಟ ತಾನಾಗಿ ಹಿಡಿದುಕೊಳ್ಳುತ್ತದೆ. ಎತ್ತಲು ಭಾರವೇ ಇಲ್ಲದಿದ್ದರೂ ಯಾಕೆ ಹೀಗೆ ಎಂದು ಡಾಕ್ಟರನ್ನು ಕೇಳಬೇಕೆಂದುಕೊಳ್ಳುತ್ತೇನೆ. ಕೇಳಿಲ್ಲ.